ಕನ್ನಡಿಯೇ ಇಲ್ಲದೆ ಲೇಸರ್ ಆಗುತ್ತಾ?

ಪ್ರಶ್ನೆ: ಸರ್, ನಾನು ಬಿಎಸ್‌ಸಿ ಕೊನೇ ವರ್ಷ. ಲೇಸರ್ ಅಂದ್ರೆ ಎದುರುಬದುರು ಎರಡು ಕನ್ನಡಿ, ನಡುವೆ ಬೆಳಕು ವರ್ಧಿಸುವ ಮಾಧ್ಯಮ ಅಂತಲೇ ಓದಿದ್ದೀವಿ. ಸೆಮಿನಾರ್‌ನಲ್ಲಿ ಒಬ್ಬರು ಬರೀ ಬಿಳಿ ಪುಡಿಯಿಂದಲೂ ಲೇಸರ್ ಬರುತ್ತೆ, ಅದು ‘ರ್‍ಯಾಂಡಮ್ ಲೇಸರ್’ ಅಂದ್ರು. ಕನ್ನಡಿ ಇಲ್ಲದಿದ್ರೆ ಬೆಳಕು ಹೊರಗೆ ಹೋಗಿಬಿಡಲ್ವಾ?

ಉತ್ತರ: ಹೋಗುತ್ತೆ, ಆದರೆ ತಡವಾಗಿ. ಅಷ್ಟು ಸಾಕು. ಫೋಟಾನ್ (ಬೆಳಕಿನ ತುಣುಕು) ಪುಡಿಯ ಕಣದಿಂದ ಕಣಕ್ಕೆ ಚದುರುತ್ತಾ ಒಳಗೇ ಅಲೆಯುತ್ತೆ. ದಾರಿ ಉದ್ದವಾದಷ್ಟೂ ಪ್ರಚೋದಿತ ಉತ್ಸರ್ಜನೆ (ಶಕ್ತಿ ತುಂಬಿದ ಅಣುವಿಗೆ ಫೋಟಾನ್ ತಾಗಿ ಅಂಥದ್ದೇ ಇನ್ನೊಂದು ಫೋಟಾನ್ ಹೊರಬರೋದು) ಹೆಚ್ಚು. 1968ರಲ್ಲೇ ಸೋವಿಯತ್ ವಿಜ್ಞಾನಿ ಲೆಟೊಖೋವ್ ಇದರ ಲೆಕ್ಕ ಹಾಕಿದ್ದರು: ಬೆಳಕು ಹುಟ್ಟೋದು ಇಡೀ ಗಾತ್ರದಲ್ಲಿ, ಸೋರಿಹೋಗೋದು ಮೇಲ್ಮೈಯಿಂದ. ತ್ರಿಜ್ಯ ಎರಡರಷ್ಟಾದರೆ ಗಾತ್ರ 8 ಪಟ್ಟು, ಮೇಲ್ಮೈ 4 ಪಟ್ಟು. ಒಂದು ಮಿತಿ ದಾಟಿದರೆ ಹುಟ್ಟೋದೇ ಮೇಲುಗೈ. ಪರಮಾಣು ಬಾಂಬಿನ ನಿರ್ಣಾಯಕ ದ್ರವ್ಯರಾಶಿಯ (ಸರಪಳಿ ಕ್ರಿಯೆ ತಾನಾಗಿ ಮುಂದುವರಿಯಲು ಬೇಕಾದ ಕನಿಷ್ಠ ರಾಶಿ) ಲೆಕ್ಕವೂ ಇದೇ ಜಾತಿಯದು. ಇಲ್ಲಿ ಸ್ಫೋಟ ಆಗಲ್ಲ, ಯಾಕಂದ್ರೆ ಉದ್ರಿಕ್ತ, ಅಂದ್ರೆ ಶಕ್ತಿ ತುಂಬಿದ, ಅಣುಗಳು ಖಾಲಿಯಾಗ್ತವೆ.

1994ರಲ್ಲಿ ಲಾವಂಡಿ ತಂಡ ಮೆಥನಾಲ್‌ನಲ್ಲಿ ರೋಡಮೈನ್ ಎಂಬ ಹೊಳೆಯುವ ಡೈ (ಬಣ್ಣ) ಕರಗಿಸಿ ಟೈಟಾನಿಯಂ ಡಯಾಕ್ಸೈಡ್ ಬೆರೆಸಿತು. ಗೋಡೆಯ ಬಿಳಿ ಪೇಂಟ್‌ನಲ್ಲಿರುತ್ತಲ್ಲ, ಅದೇ. ಅಣುಗಳಿಗೆ ಶಕ್ತಿ ತುಂಬುವ ಪಂಪ್ ಲೇಸರ್‌ನ ಶಕ್ತಿ ಏರಿಸುತ್ತಾ ಹೋದಾಗ, ಥ್ರೆಶೋಲ್ಡ್ (ಲೇಸರ್ ಶುರುವಾಗುವ ಮಿತಿ) ದಾಟುತ್ತಲೇ ಅಗಲವಾಗಿದ್ದ ರೋಹಿತ (ಬಣ್ಣಗಳ ಹರವು) ಕೆಲವೇ ನ್ಯಾನೋಮೀಟರ್‌ಗೆ ಕುಗ್ಗಿತು.

ಮರುಪ್ರಶ್ನೆ: ಅದು ಬರೀ ವರ್ಧಿಸಿದ ಫ್ಲೋರೆಸೆನ್ಸ್ (ಡೈ ತಾನಾಗಿ ಸೂಸುವ ಹೊಳಪು) ಇರಬಹುದಲ್ವಾ ಸರ್?

ಉತ್ತರ: ಈ ಜಗಳ ವರ್ಷಗಟ್ಟಲೆ ನಡೆದಿದೆ. 1999ರಲ್ಲಿ ಹುಯಿ ಕಾವೊ ತಂಡಕ್ಕೆ ಸತುವಿನ ಆಕ್ಸೈಡ್ ಪುಡಿಯ ರೋಹಿತದಲ್ಲಿ 0.3 ನ್ಯಾನೋಮೀಟರ್‌ಗಿಂತ ಸಪೂರವಾದ ಮೊನೆಗಳು ಕಂಡವು. ನೋಡುವ ಕೋನ ಬದಲಾದರೆ ಮೊನೆಗಳೂ ಬೇರೆ. ಅಂದರೆ ಇಲ್ಲಿ ಬರೀ ಫೋಟಾನ್ ಎಣಿಕೆ ಸಾಲದು, ತರಂಗಗಳ ವ್ಯತಿಕರಣವೂ (ಒಂದರ ಮೇಲೊಂದು ಬಿದ್ದು ಬಲಗೊಳ್ಳೋದು, ಅಳಿಯೋದು) ಲೆಕ್ಕಕ್ಕೆ ಬರಬೇಕು. ನನ್ನ ಮಟ್ಟಿಗೆ ಇನ್ನೂ ಗಟ್ಟಿ ಸಾಕ್ಷಿ ಆಮೇಲೆ ಬಂದದ್ದು: ಥ್ರೆಶೋಲ್ಡ್‌ನಿಂದ ಸಾಕಷ್ಟು ಮೇಲೆ ಆ ಮೊನೆಗಳ ಫೋಟಾನ್‌ಗಳು ಮಾಮೂಲಿ ಲೇಸರ್‌ನಂತೆ ಪಾಸಾನ್ ವಿತರಣೆ (ಒಂದನ್ನೊಂದು ಅವಲಂಬಿಸದೆ ಬರುವಾಗ ಸಿಗುವ ಎಣಿಕೆಯ ಹರವು) ತೋರಿಸಿದವು. ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಈ ವಿಷಯದ ಮೇಲೆ ಕೆಲಸ ಆಗಿದೆ, ಹುಡುಕಿ ಓದಿ.

ಇನ್ನೊಬ್ಬರು: ಪಾಯಿಂಟರ್ ಥರ ಕಿರಣ ಬರುತ್ತಾ? ಬರದಿದ್ದರೆ ಏನುಪಯೋಗ?

ಉತ್ತರ: ಪುಡಿಯಿಂದ ಬರಲ್ಲ, ಎಲ್ಲ ದಿಕ್ಕಿಗೂ ಚೆಲ್ಲುತ್ತೆ. ಆದರೆ ಲೇಸರ್ ಬೆಳಕಲ್ಲಿ ಫೋಟೋ ತೆಗೆದರೆ ಕಾಟ ಕೊಡುವ ಚುಕ್ಕೆಚುಕ್ಕೆ ಸ್ಪೆಕಲ್ ಇದರಲ್ಲಿ ಹೆಚ್ಚೂಕಡಿಮೆ ಮಾಯ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ತೋರಿಸಿದರು. ಕಿರಣವೇ ಬೇಕಾದರೆ ಆಪ್ಟಿಕಲ್ ಫೈಬರ್ ಇದೆ: 2010ರಲ್ಲಿ 83 ಕಿ.ಮೀ. ಫೈಬರ್‌ಗೆ ಕನ್ನಡಿ ಹಾಕದೆ, ಗಾಜಿನದ್ದೇ ರೇಲಿ ಚದುರಿಕೆ (ಒಳಗಿನ ಸೂಕ್ಷ್ಮ ಏರುಪೇರುಗಳಿಂದ ಬೆಳಕು ಚದುರೋದು) ನಂಬಿಕೊಂಡು ಲೇಸರ್ ಮಾಡಿದರು. ಅಲ್ಲಿ ಲೇಸರ್ ಕಿರಣ ಹೊರಬರೋದು ಫೈಬರ್‌ನ ತುದಿಗಳಿಂದ.