ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದೈತಿ, ಮತ್ತ ಸ್ಕೂಬಾ ಟ್ಯಾಂಕ್ ಹೊರಬಹುದಾ?

ಟಿಳಕವಾಡಿ_ನೀರಕೋಳಿ

ನಮಸ್ಕಾರ್ರಿ ಎಲ್ಲಾರಿಗೂ. ವಯಸ್ಸು 54. ಡೈವಿಂಗಿನ ಅಡ್ವಾನ್ಸ್ಡ್ ಕಾರ್ಡ್ (ಎರಡನೇ ಹಂತದ ಸರ್ಟಿಫಿಕೇಟ್) ಐತಿ, 60ರ ಹತ್ತಿರ ಡೈವ್ ಆಗ್ಯಾವ, ಕಡೇ ಡೈವ್ ಮೂರು ವರ್ಷದ ಹಿಂದ. ಎಡಗಡೆ ಸ್ತನ ಪೂರ್ತಿ ತೆಗೆದಾರ, ಕಂಕುಳಿನಿಂದ 14 ಲಿಂಫ್ ನೋಡ್ ಹೋಗ್ಯಾವ. ಕಿಮೋದಾಗ ಡಾಕ್ಸೋರುಬಿಸಿನ್ ಮತ್ತು ಸೈಕ್ಲೋಫಾಸ್ಫಮೈಡ್ ನಾಲ್ಕು ಸಲ, ಆಮ್ಯಾಲೆ ವಾರಕ್ಕೊಂದರಂಗ 12 ಪ್ಯಾಕ್ಲಿಟಾಕ್ಸೆಲ್. ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಒಂದು ವರ್ಷ, ಅದು ಮುಗಿದು 4 ತಿಂಗಳು. ಕರೆಂಟ್ (ರೇಡಿಯೇಶನ್) ಕೊಡೋದು ಮುಗಿದು 11 ತಿಂಗಳು. ಈಗ ದಿನಾ ಒಂದು ಲೆಟ್ರೋಜೋಲ್ (ಹಾರ್ಮೋನ್ ತಗ್ಗಿಸೋ) ಗುಳಿಗೆ. ಕಿಮೋ ಪೋರ್ಟ್ (ಔಷಧಿ ಕೊಡಾಕ ಚರ್ಮದ ಕೆಳಗ ಕೂಡಿಸಿದ ಸಣ್ಣ ಡಬ್ಬಿ) ಇನ್ನೂ ಬಲಗಡೆ ಕಾಲರ್ ಎಲುಬಿನ ಕೆಳಗ ಐತಿ. ಕಾಲಬೆರಳು ಸ್ವಲ್ಪ ಜೋಮು.

ಡಿಸೆಂಬರ್‌ದಾಗ ಮಹಾರಾಷ್ಟ್ರದ ಮಾಲವಣ ಇಲ್ಲಾ ಮುರ್ಡೇಶ್ವರದ ಹತ್ರ ಇರೋ ನೇತ್ರಾಣಿ ದ್ವೀಪಕ್ಕ ಡೈವ್ ಮಾಡಾಕ ಹೋಗೋ ವಿಚಾರ. ಕ್ಯಾನ್ಸರ್ ಡಾಕ್ಟರು "ಈಜ್ರಿ, ಅಡ್ಡಿಯಿಲ್ಲ" ಅಂದಾರ. ಯಾವ ಯಾವ ಟೆಸ್ಟ್ ಬೇಕು? ಪೋರ್ಟ್ ಮ್ಯಾಲೆ ಬಿಸಿಡಿ (ಟ್ಯಾಂಕ್ ಕಟ್ಟೋ, ಗಾಳಿ ತುಂಬೋ ಜಾಕೆಟ್) ಪಟ್ಟಿ ಬಂದ್ರ ನಡೀತೈತಾ? ಎಡಗೈಗೆ ಸ್ಲೀವ್ (ಬಾವು ಬರದಂಗ ಹಾಕೋ ಬಿಗಿ ತೋಳಚೀಲ) ಹಾಕ್ಕೊಂಡೇ ಇಳೀಬೇಕಾ?

ಎದೆಗೂಡು

ಅಕ್ಕಾ, ಮೊದಲು ಒಂದು ಮಾತು. ಈಜಲು ಅಡ್ಡಿಯಿಲ್ಲ ಅಂದರೆ ಡೈವಿಂಗ್‌ಗೂ ಅಡ್ಡಿಯಿಲ್ಲ ಅಂತಲ್ಲ. ಈಜುವಾಗ ನೀವು ಉಸಿರಾಡುವುದು ಮೇಲಿನ ಗಾಳಿ. 10 ಮೀಟರ್ ಆಳದಲ್ಲಿ ಟ್ಯಾಂಕಿನಿಂದ ಎಳೆದುಕೊಳ್ಳುವ ಗಾಳಿಗೆ ಎರಡು ಪಟ್ಟು ಒತ್ತಡ. ಮೇಲೆ ಬರುವಷ್ಟರಲ್ಲಿ ಅದು ಎರಡು ಪಟ್ಟು ಹಿಗ್ಗುತ್ತದೆ. ಆರೋಗ್ಯವಾದ ಶ್ವಾಸಕೋಶದಿಂದ ಅದು ಸರಾಗವಾಗಿ ಹೊರಗೆ ಹೋಗುತ್ತದೆ. ರೇಡಿಯೇಶನ್‌ನಿಂದ ಗಾಯದ ಕಲೆಯಾಗಿ ಬಿಗಿದುಕೊಂಡ ಜಾಗದಲ್ಲಿ ಗಾಳಿ ಸಿಕ್ಕಿಬಿದ್ದರೆ ಅಲ್ಲೇ ಹಿಗ್ಗಿ ಹರಿಯಬಹುದು, ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಬಹುದು. ನಿಮ್ಮ ಡಾಕ್ಟರಿಗೆ ಇದನ್ನು ಬಿಡಿಸಿ ಹೇಳಿ, ಪ್ರಶ್ನೆ ಬೇರೆಯಾಗುತ್ತದೆ.

ರೇಡಿಯೇಶನ್‌ನ ಶ್ವಾಸಕೋಶದ ಉರಿಯೂತ ಸಾಮಾನ್ಯವಾಗಿ ಮುಗಿದ ಮೊದಲ ಆರು ತಿಂಗಳಲ್ಲಿ ಕಾಣಿಸುತ್ತದೆ, ಕಲೆ ಗಟ್ಟಿಯಾಗಲು ಇನ್ನೂ ಆರು ತಿಂಗಳು ಹಿಡಿಯಬಹುದು. ನಿಮಗೆ 11 ತಿಂಗಳಾಗಿದೆ, ಪರೀಕ್ಷೆಗೆ ಸರಿಯಾದ ಸಮಯ. ಸ್ಪೈರೋಮೆಟ್ರಿ (ಊದಿ ನೋಡುವ ಶ್ವಾಸಕೋಶದ ಪರೀಕ್ಷೆ) ಮಾಡಿಸಿ, ಆದರೆ ಅದೊಂದನ್ನೇ ನಂಬಬೇಡಿ. ಒಂದು ಸಣ್ಣ ಮೂಲೆಯ ಕಲೆ ಇದ್ದರೂ ಊದುವ ಅಂಕಿ ಚೆನ್ನಾಗಿಯೇ ಬರುತ್ತದೆ. ಎದೆಯ ಹೈ ರೆಸಲ್ಯೂಶನ್ ಸಿಟಿ ಬೇಕೇ ಬೇಕು, ಉಸಿರು ತುಂಬಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ. ಗಾಳಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವುದು ಬಿಟ್ಟಾಗಿನ ಚಿತ್ರದಲ್ಲೇ ತಿಳಿಯುತ್ತದೆ.

ಎರಡನೆಯದು ಹೃದಯ. ಡಾಕ್ಸೋರುಬಿಸಿನ್, ಟ್ರಾಸ್ಟುಜುಮ್ಯಾಬ್ ಎರಡೂ ಹೃದಯದ ಸ್ನಾಯುವಿಗೆ ಪೆಟ್ಟು ಕೊಡಬಲ್ಲವು, ಅದರ ಮೇಲೆ ಎಡಗಡೆ ರೇಡಿಯೇಶನ್. ನೀರಿಗೆ ಇಳಿದ ಕೂಡಲೇ ಕಾಲಿನ ಕಡೆಯ ಅರ್ಧ ಲೀಟರಿಗೂ ಹೆಚ್ಚು ರಕ್ತ ಎದೆಗೆ ಸರಿಯುತ್ತದೆ. ದುರ್ಬಲ ಹೃದಯಕ್ಕೆ ಇದೇ ಹೊರೆಯಾಗಿ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಚಿಕಿತ್ಸೆ ನಡೆಯುವಾಗಿನ ಹಳೇ ಎಕೋ (ಹೃದಯದ ಸ್ಕ್ಯಾನ್) ಸಾಲದು, ಹೊಸದು ಮಾಡಿಸಿ, ಜೊತೆಗೆ ಟ್ರೆಡ್‌ಮಿಲ್ ಪರೀಕ್ಷೆ. ಸಾಮಾನ್ಯ ಡೈವ್‌ಗೆ 6 ಮೆಟ್ (ಸುಮ್ಮನೆ ಕುಳಿತಾಗಿನ ಆರು ಪಟ್ಟು) ಮಟ್ಟದ ದುಡಿಮೆಯನ್ನು ಉಸಿರು ಕಟ್ಟದೆ ನಡೆಸುವ ಶಕ್ತಿ ಇರಬೇಕು. ನೀರಿನ ಸೆಳೆತ ಎದುರಾದರೆ ಇನ್ನೂ ಹೆಚ್ಚು ಬೇಕು.

ಜೋಮಿನ ವಿಷಯ ಸಣ್ಣದಲ್ಲ. ಪ್ಯಾಕ್ಲಿಟಾಕ್ಸೆಲ್‌ನ ಜೋಮು, ಲೆಟ್ರೋಜೋಲ್‌ನ ಕೀಲುನೋವು, ಎರಡೂ ಡಿಕಂಪ್ರೆಶನ್ ಕಾಯಿಲೆಯ (ಒತ್ತಡ ಇಳಿದಾಗ ಮೈಯಲ್ಲಿ ನೈಟ್ರೋಜನ್ ಗುಳ್ಳೆಯಾಗುವುದು) ಲಕ್ಷಣಗಳನ್ನೇ ಹೋಲುತ್ತವೆ. ಡೈವ್‌ಗೆ ಮೊದಲೇ ಯಾವ ಬೆರಳು, ಎಲ್ಲಿಯವರೆಗೆ, ಯಾವ ಕೀಲು ಅಂತ ಡಾಕ್ಟರಿಂದ ಬರೆಸಿಡಿ. ಒಂದು ಪ್ರತಿ ನಿಮ್ಮ ಜೊತೆ ಡೈವ್ ಮಾಡುವವರ ಹತ್ತಿರ ಇರಲಿ. ಆ ಬರಹಕ್ಕಿಂತ ಹೊಸದೇನೇ ಕಂಡರೂ ಡೈವ್‌ನಿಂದಲೇ ಆಗಿದ್ದು ಅಂತ ಹಿಡಿದು ಆಕ್ಸಿಜನ್ ಕೊಟ್ಟು ಆಸ್ಪತ್ರೆಗೆ ಹೊರಡಬೇಕು.

ನೈಟ್ರಾಕ್ಸ್ (ಆಕ್ಸಿಜನ್ ಹೆಚ್ಚಿರುವ ಟ್ಯಾಂಕ್ ಗಾಳಿ) ಬಗ್ಗೆ ಯಾರಾದರೂ ಹೆದರಿಸಿದರೆ: ಆಕ್ಸಿಜನ್ ಜೊತೆ ಶ್ವಾಸಕೋಶ ಕೆಡಿಸುವ ಹೆಸರಿರುವ ಕಿಮೋ ಬ್ಲಿಯೋಮೈಸಿನ್. ನಿಮ್ಮ ಪಟ್ಟಿಯಲ್ಲಿ ಅದಿಲ್ಲ.

ಡೈವ್ ಸೆಂಟರಿನ ಮೆಡಿಕಲ್ ಫಾರ್ಮಿನಲ್ಲಿ ಎದೆಯ ಶಸ್ತ್ರಚಿಕಿತ್ಸೆ, ದಿನನಿತ್ಯದ ಔಷಧಿ ಎರಡಕ್ಕೂ "ಹೌದು" ಅಂತಲೇ ಬರೆಯಿರಿ. ಆಮೇಲೆ ಡಾಕ್ಟರ ಸಹಿ ಕೇಳುತ್ತಾರೆ, ಅದಕ್ಕೇ ಈ ವರದಿಗಳು. ದಯವಿಟ್ಟು ಅವಸರಕ್ಕೆ "ಇಲ್ಲ" ಅಂತ ಬರೆಯಬೇಡಿ.

ಬಿಸಿಡಿ_ಬಕಲ್

ಮೇಲಿನವ್ರು ಒಳಗಿಂದು ಹೇಳ್ಯಾರ, ನಾ ಹೊರಗಿಂದು ಹೇಳ್ತೀನ್ರಿ ಅಕ್ಕಾರ.

ಪೋರ್ಟ್ ಒಳಗ ಗಾಳಿ ಇರೂದಿಲ್ಲ, ದ್ರವ ತುಂಬಿರತೈತಿ, ಆಳದ ಒತ್ತಡಕ್ಕ ಅದು ಒಡಿಯೂದಿಲ್ಲ. ತ್ರಾಸ ಏನಂದ್ರ, ಬಿಸಿಡಿ ಭುಜದ ಪಟ್ಟಿ ಸರಿಯಾಗಿ ಅದರ ಮ್ಯಾಲೇ ಕುಂದ್ರತೈತಿ. ಟ್ಯಾಂಕಿನ ಭಾರ ಆ ಒಂದು ಗುಬಟಿನ ಮ್ಯಾಲೆ ತಿಕ್ಕಿದ್ರ ಚರ್ಮ ಸೋಲತೈತಿ. ಚಿಕಿತ್ಸೆ ಮುಗಿದಿದ್ರ ಡಿಸೆಂಬರ್‌ಕ್ಕಿಂತ ಮೊದಲ ತೆಗೆಸಬಹುದಾ ಅಂತ ಡಾಕ್ಟರಿಗೆ ಕೇಳ್ರಿ. ತೆಗೆಸಿದ್ರ ಗಾಯ ಪೂರ್ತಿ ಮಾಯೂತನಕ ನೀರು ಬ್ಯಾಡ. ಇಟ್ಕೊಳ್ಳೋದಾದ್ರ ಎದೆ ಅಡ್ಡಪಟ್ಟಿಯನ್ನ ಪೋರ್ಟಿನ ಕೆಳಗ ಇಳಿಸ್ರಿ, ಭುಜದ ಪಟ್ಟಿ ಸಡಿಲ ಬಿಟ್ಟು ಭಾರ ಸೊಂಟದ ಪಟ್ಟಿಗೆ ತರ್ರಿ.

80 ಕ್ಯೂಬಿಕ್ ಫೂಟ್ ಅಲ್ಯುಮಿನಿಯಂ ಟ್ಯಾಂಕ್ ತುಂಬಿದಾಗ 16–17 ಕೆಜಿ. ನೋಡ್ ತೆಗೆದ ಕೈಲೆ ಇದನ್ನ ಎತ್ತಬ್ಯಾಡ್ರಿ, ನಾಚಿಕಿ ಬಿಟ್ಟು ಬೋಟಿನವ್ರಿಗೆ ಹೇಳ್ರಿ. ಚಲೋ ದಾರಿ ಅಂದ್ರ ನೀರಾಗ ಹಾಕ್ಕೊಳ್ಳೋದು: ಗಾಳಿ ತುಂಬಿದ ಬಿಸಿಡಿ ಮೊದಲ ನೀರಿಗೆ, ಆಮ್ಯಾಲೆ ನೀವು. ಮುಳುಗಾಕ ಕಟ್ಟೋ ಸೀಸದ ಬೆಲ್ಟ್ ಎಲ್ಲಾದಕ್ಕೂ ಕಡೀಕ. ಹತ್ತುವಾಗ ತಿರುಗಾ ಮುರುಗಾ: ಮೊದಲ ಸೀಸ ಮ್ಯಾಲೆ ಕೊಡ್ರಿ, ಆಮ್ಯಾಲೆ ಬಿಸಿಡಿ. ಈ ಕ್ರಮ ತಪ್ಪಬ್ಯಾಡ್ರಿ. ಸೀಸ ಸೊಂಟದಾಗ ಇಟ್ಕೊಂಡು ಬಿಸಿಡಿ ಬಿಚ್ಚಿದ್ರ ನೀವು ಕಲ್ಲಿನಂಗ ಕೆಳಗ ಹೋಗ್ತೀರಿ. ಏಣಿ ಹಿಡಿಯೋದು ಬಲಗೈಲೆ, ದೇಹ ಎತ್ತೋದು ಕಾಲಿಲೆ.

ಸ್ಲೀವ್: ವೆಟ್‌ಸೂಟೇ (ಡೈವಿಂಗಿನ ಬಿಗಿ ರಬ್ಬರ್ ಉಡುಪು) ತೋಳು ಅದುಮತೈತಿ, ನೀರಿನ ಒತ್ತಡಾನೂ ತೋಳಿನ ಬಾವು ಇಳಿಸಾಕ ಒಳ್ಳೇದ. ಎರಡೂ ಸೇರಿ ಮಣಿಕಟ್ಟಿನ ಹತ್ತಿರ ಬಿಗಿದ್ರ ಮಾತ್ರ ಅಂಗೈ ಉಬ್ಬತೈತಿ. ಅದಕ್ಕ ಈಜುಕೊಳದಾಗ ಎರಡೂ ಹಾಕ್ಕೊಂಡು ಅರ್ಧ ತಾಸು ಇದ್ದು ನೋಡ್ರಿ. ಟೇಪ್ ತಗೊಂಡು ಮಣಿಕಟ್ಟು, ಮೊಳಕೈಗಿಂತ 10 ಸೆಂ.ಮೀ. ಕೆಳಗ, 10 ಸೆಂ.ಮೀ. ಮ್ಯಾಲೆ, ಎರಡೂ ತೋಳು ಅಳತಿ ಮಾಡಿ ಬರೀರಿ. ಡೈವ್ ಆದಮ್ಯಾಲೆ ಮತ್ತ, ಮರುದಿನ ಮುಂಜಾನೆ ಮತ್ತ. ಒಂದೇ ಜಾಗದಾಗ ಎರಡು ತೋಳಿನ ನಡುವ 2 ಸೆಂ.ಮೀ. ಫರಕ ಬಂದ್ರ ಅವತ್ತ ನಿಲ್ಸಿ ಫಿಜಿಯೋಕ್ಕ ತೋರಿಸ್ರಿ. ಹೊರಗ ಬಂದಕೂಡ್ಲೆ ಒಣ ಸ್ಲೀವ್ ಬದಲಿ ಮಾಡ್ರಿ, ಹಸಿದು ಸಿಹಿನೀರಾಗ ಜಾಲಾಡ್ರಿ, ಉಪ್ಪು ಎಲಾಸ್ಟಿಕ್ ತಿಂತೈತಿ.

ಬೋಟ್ ಕಟ್ಟೋ ಹಗ್ಗಕ್ಕ ಚಿಪ್ಪು ಬೆಳೆದಿರ್ತಾವ, ಬ್ಲೇಡಿನಂಗ ಕೊಯ್ತಾವ. ಎಡಗೈಲೆ ಅದನ್ನ ಮುಟ್ಟಬ್ಯಾಡ್ರಿ. ಗೀರು ಬಿದ್ರ ಸಿಹಿನೀರು, ಸಾಬೂನು, ಔಷಧಿ. ಕೆಂಪಾಗಿ ಬಿಸಿ ಆದ್ರ ಅಥವಾ ಚಳಿಜ್ವರ ಬಂದ್ರ ಅವತ್ತೇ ಡಾಕ್ಟರ ಹತ್ರ. ಊರು ಮುಟ್ಟೂತನಕ ಕಾಯಬ್ಯಾಡ್ರಿ.

ಬ್ರಾ ಒಳಗ ಫೋಮಿನ ಪ್ಯಾಡ್ ಇಟ್ಕೊಳ್ಳೋದಿದ್ರ ಅದು ಆಳದಾಗ ಚಪ್ಪಟಿ ಆಗತೈತಿ, ಮ್ಯಾಲೆ ಬಂದಂಗ ಉಬ್ಬತೈತಿ. ಸಿಲಿಕೋನಿಂದು ಹಂಗ ಮಾಡೂದಿಲ್ಲ. ಯಾವುದಿದ್ರೂ ಸೀಸ ಹೊಸದಾಗಿ ಲೆಕ್ಕ ಹಾಕ್ರಿ: ಟ್ಯಾಂಕ್ 50 ಬಾರ್ ಇದ್ದಾಗ, ಬಿಸಿಡಿ ಖಾಲಿ, ಅರ್ಧ ಉಸಿರು ಹಿಡಿದ್ರ ನೀರು ಕಣ್ಣಿನ ಮಟ್ಟಕ್ಕ ನಿಲ್ಲಬೇಕು. ತುಂಬಿದ ಟ್ಯಾಂಕಿಲೆ ನೋಡಿದ್ರ 2 ಕೆಜಿ ಸೇರಿಸ್ರಿ.

ಚೋರ್ಲಾ_ತಿರುವು

ಬೆಳಗಾವಿಯವ್ರು ಮರೆಯೋದು ಒಂದು ಐತ್ರಿ. ಮಾಲವಣ ಸಮುದ್ರದ ಮಟ್ಟ. ನಮ್ಮೂರು ಸುಮಾರು 2,500 ಅಡಿ ಮ್ಯಾಲೆ. ಅಂಬೋಲಿ ಘಾಟ್ ಹತ್ತಿ ಸಂಜಿಗೇ ಮನಿ ಮುಟ್ಟಿದ್ರ ಮೈಯಾಗ ಉಳಿದ ನೈಟ್ರೋಜನ್ ಗುಳ್ಳೆ ಆಗಬಹುದು. ಡೈವ್ ಆದಮ್ಯಾಲೆ ವಿಮಾನ ಹತ್ತೋ ನಿಯಮ 2,000ದಿಂದ 8,000 ಅಡಿ ಎತ್ತರದ ಒತ್ತಡಕ್ಕ ಬರೆದದ್ದು. ಬೆಳಗಾವಿ ಅದರೊಳಗೇ ಬರತೈತಿ. ಒಂದೇ ಡೈವ್ ಆದ್ರ 12 ತಾಸು, ದಿನಕ್ಕ ಎರಡು ಅಥವಾ ಎರಡು ದಿನ ಡೈವ್ ಮಾಡಿದ್ರ 18 ತಾಸು ಕೆಳಗೇ ಇರ್ರಿ. ಗೋವಾದಿಂದ ಚೋರ್ಲಾ ಮ್ಯಾಲೆ ಬಂದ್ರೂ ಅಷ್ಟೇ, ನೇತ್ರಾಣಿಯಿಂದ ಯಲ್ಲಾಪುರ, ಹುಬ್ಬಳ್ಳಿ ಮ್ಯಾಲೆ ಬಂದ್ರೂ ಅಷ್ಟೇ. ಜೋಮು ಮೊದಲೇ ಇರೋರಿಗೆ ಘಾಟಿನ ನಡುವ ಹೊಸ ಜೋಮು ಶುರುವಾದ್ರ ಗುರ್ತ ಹಿಡಿಯೋದ ಕಷ್ಟ.

ಟಿಳಕವಾಡಿ_ನೀರಕೋಳಿ

ಭಾಳ ಉಪಕಾರ ಆತ್ರಿ. ಘಾಟಿನ ಲೆಕ್ಕ ನನಗ ಹೊಳದೇ ಇರಲಿಲ್ಲ. ಸಿಟಿ, ಎಕೋ ಈ ವಾರ ಮಾಡಿಸ್ತೀನಿ. ಈಜುಕೊಳದಾಗ ಎಷ್ಟು ಮಾಡಿದ್ರ ಸಾಕು?

ಬಿಸಿಡಿ_ಬಕಲ್

ವರದಿ ಬರೂತನಕ ಟ್ಯಾಂಕ್ ಇಲ್ದ ಬರೀ ಈಜು. ಕರೆಂಟ್ ಕೊಟ್ಟ ಚರ್ಮಕ್ಕ ಕ್ಲೋರಿನ್ ಉರೀತೈತಿ, ಎದ್ದಕೂಡ್ಲೆ ಸ್ನಾನ ಮಾಡಿ ಕ್ರೀಮ್ ಹಚ್ರಿ. 200 ಮೀಟರ್ ನಿಲ್ಲದ ಈಜಿ, 10 ನಿಮಿಷ ತೇಲಿ, ಎಡಗೈ ತಲಿಮ್ಯಾಲೆ ಪೂರ್ತಿ ಎತ್ತಾಕ ಬರಬೇಕು. ಅದು ಯಾಕಂದ್ರ ಎಡಗಡೆ ಇನ್‌ಫ್ಲೇಟರ್ (ಬಿಸಿಡಿಗೆ ಗಾಳಿ ತುಂಬೋ, ಬಿಡೋ ಕೊಳವೆ) ಎತ್ತಿ ಗಾಳಿ ಬಿಡಬೇಕು. ಬಿಗಿದ ಭುಜಕ್ಕ ಇದೇ ಆಗೂದಿಲ್ಲ. ಡಾಕ್ಟರ ಸಹಿ ಆದಮ್ಯಾಲೆ ರಿಫ್ರೆಶರ್ (ಮರೆತದ್ದನ್ನ ಮತ್ತ ಕಲಿಸೋ ತರಬೇತಿ), ಮೊದಲ ದಿನ ಒಂದೇ ಡೈವ್, 12 ಮೀಟರಿನೊಳಗ, 5 ಮೀಟರಿನಾಗ 3 ನಿಮಿಷ ನಿಂತು ಬರ್ರಿ. ಮರುದಿನ ತೋಳಿನ ಅಳತಿ ನೋಡಿ ಎರಡನೇದು.