ಸಕ್ಕರೆ ನೀರಲ್ಲೂ ಎಲ್‌ಇಡಿ ಉರಿಯುತ್ತಿದೆ, ದಯವಿಟ್ಟು ಸಹಾಯ ಮಾಡಿ

ಗದಗ_ಟೀಚರ್: ನಾಡಿದ್ದು ಹತ್ತನೇ ಕ್ಲಾಸಿಗೆ ಅಯಾನಿಕ (ಉಪ್ಪಲ್ಲಿರೋದು), ಸಹವೇಲೆನ್ಸೀಯ (ಸಕ್ಕರೆಯಲ್ಲಿರೋದು) ಬಂಧದ ಪ್ರಯೋಗ ತೋರಿಸಬೇಕು. ಉಪ್ಪು ನೀರಲ್ಲಿ ಎಲ್‌ಇಡಿ ಜೋರಾಗಿ ಉರಿಯುತ್ತೆ, ಅದು ಸರಿ. ಆದರೆ ಸಕ್ಕರೆ ನೀರಲ್ಲೂ ಮಂದವಾಗಿ ಉರಿಯುತ್ತಿದೆ! ಉರಿಯಬಾರದು ಅಲ್ವಾ? ಲೋಟ ಬದಲಿಸಿದೆ, ಬ್ಯಾಟರಿ ಬದಲಿಸಿದೆ, ಸಕ್ಕರೆಯನ್ನೂ ಹೊಸದು ತಂದೆ. ತಲೆ ಕೆಟ್ಟು ಹೋಗಿದೆ. ಮಕ್ಕಳು ಪುಸ್ತಕದಲ್ಲಿ ಇರೋದೇ ಸುಳ್ಳು ಅಂದುಕೊಳ್ಳುತ್ತಾರೆ.

ಹುಬ್ಬಳ್ಳಿ_ಸೋಲ್ಡರ್: ಎಷ್ಟು ವೋಲ್ಟ್? ರೆಸಿಸ್ಟರ್ ಎಷ್ಟು?

ಗದಗ_ಟೀಚರ್: ಎಲ್ಲರೂ ಹಾಕೋದೇ ರೀ. 9 ವೋಲ್ಟ್, 470 ಓಮ್, ಕೆಂಪು ಎಲ್‌ಇಡಿ, ನೀರಿಗೆ ಇಳಿಬಿಟ್ಟ ಎರಡು ಪೆನ್ಸಿಲ್ ಕಡ್ಡಿ.

ಹುಬ್ಬಳ್ಳಿ_ಸೋಲ್ಡರ್: ಹಾಗಾದರೆ ಕರೆಂಟ್ ಲೀಕೇಜ್. ಕಡ್ಡಿ ಚುಚ್ಚಿದ ರಟ್ಟು ಒದ್ದೆ ಆಗಿರುತ್ತೆ. ಪ್ಲಾಸ್ಟಿಕ್ ಮುಚ್ಚಳ ಹಾಕಿ.

ಗದಗ_ಟೀಚರ್: ಹಾಕಿದೆ. ಹಾಗೇ ಉರಿಯುತ್ತಿದೆ.

ಹುಬ್ಬಳ್ಳಿ_ಸೋಲ್ಡರ್: ಮುಚ್ಚಳ ಒರೆಸಿ ನೋಡಿ. ಲೀಕೇಜೇ ಅದು, ನನಗೆ ಗ್ಯಾರಂಟಿ ಇದೆ.

ಧಾರವಾಡ_ರಸಾಯನ: ಮೇಡಂ, ನೀರು ಯಾವುದು?

ಗದಗ_ಟೀಚರ್: ಶಾಲೆಯ ಬೋರ್ ನೀರು. ಇನ್ನೇನು?

ಧಾರವಾಡ_ರಸಾಯನ: ಅಲ್ಲೇ ಇದೆ ನೋಡಿ. ಬೋರ್ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ಅಯಾನುಗಳು, ಅಂದರೆ ಚಾರ್ಜ್ ಇರೋ ಕಣಗಳು, ಮೊದಲೇ ಇರುತ್ತವೆ. ಕರೆಂಟ್ ಒಯ್ಯುತ್ತಿರೋದು ಅವು, ಸಕ್ಕರೆ ಅಲ್ಲ. ಉಪ್ಪಲ್ಲಿ ಸೋಡಿಯಂ ಒಂದು ಎಲೆಕ್ಟ್ರಾನ್ ಬಿಟ್ಟುಕೊಟ್ಟಿರುತ್ತೆ, ಕ್ಲೋರಿನ್ ಅದನ್ನು ಪಡೆದಿರುತ್ತೆ. ನೀರಿಗೆ ಬಿದ್ದ ಕೂಡಲೇ ಆ ಅಯಾನುಗಳು ಬಿಡಿಬಿಡಿಯಾಗಿ ಓಡಾಡುತ್ತವೆ. ಸಕ್ಕರೆಯಲ್ಲಿ ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡಿವೆ. ಕರಗಿದರೂ ಅಣು ಇಡಿಯಾಗೇ ಇರುತ್ತೆ, ಅದಕ್ಕೆ ಚಾರ್ಜ್ ಇಲ್ಲ. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತನ್ನಿ. ಮೊದಲು ಬರೀ ನೀರಲ್ಲಿ ನೋಡಿ, ಆಮೇಲೆ ಸಕ್ಕರೆ ಹಾಕಿ.

ಹುಬ್ಬಳ್ಳಿ_ಸೋಲ್ಡರ್: ಸಹವೇಲೆನ್ಸೀಯ ಅಂದರೆ ಕರೆಂಟ್ ಹರಿಯೋದೇ ಇಲ್ಲ ಅಂತ ಮಕ್ಕಳಿಗೆ ಬರೆಸಿಬಿಡಿ, ಮುಗೀತು.

ಧಾರವಾಡ_ರಸಾಯನ: ಹಾಗೆ ಬರೆಸಬೇಡಿ! ಅವರ ಕೈಯಲ್ಲಿರೋ ಪೆನ್ಸಿಲ್ ಕಡ್ಡಿಯೇ ಗ್ರಾಫೈಟ್ ಮತ್ತು ಜೇಡಿಮಣ್ಣು. ಗ್ರಾಫೈಟಲ್ಲಿ ಪ್ರತಿ ಇಂಗಾಲ ಮೂರು ಇಂಗಾಲಗಳ ಜೊತೆ ಸಹವೇಲೆನ್ಸೀಯ ಬಂಧದಲ್ಲಿದೆ. ನಾಲ್ಕನೇ ಎಲೆಕ್ಟ್ರಾನ್ ಪದರದ ತುಂಬಾ ಓಡಾಡುತ್ತೆ, ಅದಕ್ಕೇ ಕರೆಂಟ್ ಹರಿಯುತ್ತೆ. ವಜ್ರದಲ್ಲಿ ನಾಲ್ಕೂ ಬಂಧದಲ್ಲಿ ಸಿಕ್ಕಿಕೊಂಡಿವೆ, ಹರಿಯಲ್ಲ. ಹೈಡ್ರೋಜನ್ ಕ್ಲೋರೈಡ್ ಅನಿಲವೂ ಸಹವೇಲೆನ್ಸೀಯವೇ, ಆದರೆ ನೀರಲ್ಲಿ ಅಯಾನುಗಳಾಗುತ್ತೆ.

ಹುಬ್ಬಳ್ಳಿ_ಸೋಲ್ಡರ್: ಹತ್ತನೇ ಕ್ಲಾಸಿಗೆ ಇಷ್ಟೆಲ್ಲ ಜಾಸ್ತಿ ಆಯ್ತು ಸರ್.

ಧಾರವಾಡ_ರಸಾಯನ: ಗ್ರಾಫೈಟ್, ವಜ್ರ ಎರಡೂ ಅವರ ಪಾಠದಲ್ಲೇ ಇವೆ.

ಗದಗ_ಟೀಚರ್: ಡಿಸ್ಟಿಲ್ಡ್ ವಾಟರ್ ತಂದೆ. ಬರೀ ನೀರಲ್ಲಿ ಇಲ್ಲ. ಸಕ್ಕರೆ ಹಾಕಿದರೂ ಇಲ್ಲ. ಅದೇ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಉದುರಿಸಿದೆ, ಕಲಕುವ ಮೊದಲೇ ಹೊತ್ತಿಕೊಂಡಿತು! ಕ್ಲಾಸಲ್ಲೂ ಹೀಗೇ ಒಂದೇ ಲೋಟದಲ್ಲಿ ತೋರಿಸುತ್ತೇನೆ. ಬಹಳ ಧನ್ಯವಾದ ಸರ್.

ಧಾರವಾಡ_ರಸಾಯನ: ಒಳ್ಳೇದಾಯ್ತು. ಉಪ್ಪು ನೀರಲ್ಲಿ ಜಾಸ್ತಿ ಹೊತ್ತು ಕರೆಂಟ್ ಬಿಡಬೇಡಿ. ಪ್ಲಸ್ ಕಡೆ ಕ್ಲೋರಿನ್ ಬರುತ್ತೆ. ಕಿಟಕಿ ತೆಗೆದಿಡಿ.

ಹುಬ್ಬಳ್ಳಿ_ಸೋಲ್ಡರ್: ನನ್ನ ಸೆಟಪ್‌ಗೆ ಬಜರ್ ಇದೆ, ಅಕ್ರಿಲಿಕ್ ಬಾಕ್ಸ್ ನಾನೇ ಕತ್ತರಿಸಿದ್ದು. ನೀರಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸೋ ಟಿಡಿಎಸ್ ಮೀಟರನ್ನೂ ಕೂರಿಸಿದ್ದೇನೆ. ಫೋಟೋ ಹಾಕಲಾ?

ಹಾವೇರಿ_ಹವ್ಯಾಸಿ: ಹಾಕಿ ಅಣ್ಣ. ಟಿಡಿಎಸ್ ಮೀಟರ್ ಅಳೆಯೋದೂ ಅಯಾನುಗಳ ಕರೆಂಟನ್ನೇ. ಎಷ್ಟು ಸಕ್ಕರೆ ಹಾಕಿದರೂ ನನ್ನದರಲ್ಲಿ ಅಂಕಿ ಏರಲ್ಲ. ಅಂದಹಾಗೆ, ವಿನೆಗರಲ್ಲಿ ಎಲ್‌ಇಡಿ ಉಪ್ಪು ನೀರಿನಷ್ಟು ಜೋರಾಗಿ ಉರಿಯಲ್ಲ. ಬೋರ್ಡು ಬದಲಿಸಬೇಕಾ?

ಧಾರವಾಡ_ರಸಾಯನ: ಬೋರ್ಡು ಸರಿ ಇದೆ. ವಿನೆಗರಲ್ಲಿರೋ ಅಸಿಟಿಕ್ ಆಮ್ಲ ದುರ್ಬಲ ಆಮ್ಲ. ಅದರ ಅಣುಗಳಲ್ಲಿ ಸ್ವಲ್ಪವೇ ಒಡೆದು ಅಯಾನು ಆಗುತ್ತವೆ.