ಇಂಗ್ಲಿಷ್ ವರದಿಯಲ್ಲಿ ‘ಸ್ಕಿಜೋಫ್ರೆನಿಕ್ ಪಾಲಿಸಿ’ ಎಂದು ಬರೆಯಬಹುದೇ?

ಪ್ರಶ್ನೆ: ಖರ್ಚು ಇಳಿಸಿ ಎನ್ನುತ್ತಲೇ ಹೊಸ ನೇಮಕಾತಿಗೂ ಒಪ್ಪಿಗೆ ಕೊಡುವ ನೀತಿಯನ್ನು ‘ಸ್ಕಿಜೋಫ್ರೆನಿಕ್’ ಅನ್ನಬಹುದೇ? ನಿಘಂಟುಗಳಲ್ಲಿ ‘ಪರಸ್ಪರ ವಿರುದ್ಧ’ ಎಂಬ ಅರ್ಥವೂ ಇದೆಯಲ್ಲ.

ಉತ್ತರ 1: ಇದೆ, ಆದರೂ ಬೇಡ. ಸ್ಕಿಜೋಫ್ರೆನಿಯಾ ಒಂದು ಮಾನಸಿಕ ಕಾಯಿಲೆ; ಹೆಸರಿನ ಅರ್ಥ ‘ಒಡೆದ ಮನಸ್ಸು’. ಸ್ವಿಸ್ ಮನೋವೈದ್ಯ ಬ್ಲಾಯ್ಲರ್ 1908ರಲ್ಲಿ ಈ ಹೆಸರು ಕೊಟ್ಟಾಗ ಒಡಕು ಎಂದದ್ದು ಯೋಚನೆ, ಭಾವನೆಗಳ ನಡುವಿನ ಹೊಂದಾಣಿಕೆ ತಪ್ಪುವುದಕ್ಕೆ. ಒಬ್ಬರೊಳಗೇ ಎರಡು ವ್ಯಕ್ತಿತ್ವ ಎಂಬುದು ಬೇರೆಯೇ ರೋಗನಿರ್ಣಯ. ಹಾಗಾಗಿ ರೂಪಕ ನಿಂತಿರುವುದೇ ತಪ್ಪು ತಿಳಿವಳಿಕೆಯ ಮೇಲೆ; ರೋಗಿಗಳಿಗೆ ನೋವಾಗುವುದು ಬೇರೆ. ಪರಸ್ಪರ ವಿರುದ್ಧವಾದ ನೀತಿಗೆ ‘ಸೆಲ್ಫ್-ಕಾಂಟ್ರಡಿಕ್ಟರಿ’, ಪದೇಪದೇ ಬದಲಾಗುವುದಕ್ಕೆ ‘ಎರಾಟಿಕ್’, ಎರಡು ಮನಸ್ಸಿಗೆ ‘ಆಂಬಿವಲೆಂಟ್’. ತಮಾಷೆಯೆಂದರೆ, ಈ ಕೊನೆಯ ಪದವೂ ಬ್ಲಾಯ್ಲರ್ ಕೊಟ್ಟದ್ದರಿಂದಲೇ ಬಂದದ್ದು!

ಉತ್ತರ 2: ಹಾಗೆಂದು ಮನಶ್ಶಾಸ್ತ್ರದ ಪದಗಳನ್ನೆಲ್ಲ ಬಿಡಬೇಕಿಲ್ಲ. ‘ಪಾವ್ಲೋವಿಯನ್’ (ನಾಯಿಗಳ ಮೇಲೆ ಪ್ರಯೋಗ ಮಾಡಿದ ರಷ್ಯದ ವಿಜ್ಞಾನಿ ಪಾವ್ಲೋವ್ ಹೆಸರಿನಿಂದ ಬಂದದ್ದು) ಕಾಯಿಲೆಯ ಹೆಸರಲ್ಲ, ಧಾರಾಳವಾಗಿ ಬಳಸಿ. ಆದರೆ ಅದು ಅಭ್ಯಾಸಬಲದಿಂದ, ಒಂದು ಸೂಚನೆ ಸಿಕ್ಕೊಡನೆ ತಾನಾಗಿ ಹೊಮ್ಮುವ ಪ್ರತಿಕ್ರಿಯೆಗೆ ಮಾತ್ರ. ಬಹುಮಾನದ ಆಸೆಗೆ ಯೋಚಿಸಿ ಮಾಡಿದ ಕೆಲಸಕ್ಕೆ ಹೊಂದದು. ಇನ್ನು ‘ಐ ಆಮ್ ಸೋ ಓಸಿಡಿ’ಯಲ್ಲಿ ವ್ಯಾಕರಣವೂ ಎಡವುತ್ತದೆ: ಓಸಿಡಿ (ಗೀಳು ಕಾಯಿಲೆ) ನಾಮಪದ, ಅದನ್ನು ವಿಶೇಷಣ ಮಾಡಿದ್ದಾರೆ. ಅಚ್ಚುಕಟ್ಟಿನ ಗೀಳಿಗೆ ‘ಫಸಿ’ ಸಾಕು.

ಪ್ರಶ್ನೆ ಕೇಳಿದವರು: ಹಾಗಾದರೆ ‘ಡಿಪ್ರೆಸ್ಡ್ ಮಾರ್ಕೆಟ್’?

ಉತ್ತರ 1: ಅದಕ್ಕೆ ಅಡ್ಡಿಯಿಲ್ಲ. ಕೆಳಕ್ಕೆ ಒತ್ತುವುದು ಎಂಬ ಅರ್ಥವೇ ಮೊದಲಿನದು, ಕಾಯಿಲೆಯ ಅರ್ಥ ಆಮೇಲೆ ಬಂತು. ಪದ ಯಾವ ದಿಕ್ಕಿನಿಂದ ಬಂದಿದೆ ಎಂದು ನೋಡಿ: ರೋಗನಿರ್ಣಯಕ್ಕೆಂದೇ ಹುಟ್ಟಿದ್ದರೆ ಬಿಡಿ. ಕಾಯಿಲೆಯ ಅರ್ಥವೂ ವಿಪರೀತ ಹುಚ್ಚು ಉತ್ಸಾಹದ ಅರ್ಥವೂ ಇರುವ ‘ಮೇನಿಯಾ’ದಂಥವು ಈ ಅಳತೆಗೆ ಪೂರ್ತಿ ಸಿಗವು, ಅಲ್ಲಿ ಸಂದರ್ಭವೇ ಗತಿ.